ಹಸೆಯ ಮುಂದೆ ಅಕ್ಕ ಹಾಡಿದ ಹಾಡು

ಪದ್ಮಾ, ನಿನ್ನ ಮದುವೆಯಲ್ಲಿ ನಿನ್ನ ಅಮ್ಮ ಹಾಡಿದಳು. ಆರತಿಯ ಹಾಡನ್ನು ಮೊದಲ ನುಡಿಯಿಂದ ಕೊನೆಯ ನುಡಿಯವರೆಗೆ, ಒಂದು ಪದವನ್ನೂ ಬಿಡದೆ ಹಾಡಿದಳು. ನಿನಗೆ ಕೇಳಿಸಲಿಲ್ಲ. ಕೇಳಿಸದ ಹಾಗೆ ಮಾಡಿದವಳು ನಾನು, ನಿನ್ನ ಚಿಕ್ಕಮ್ಮ.

"ಅಮ್ಮನಿಗೆ ನನ್ನ ಮದುವೆ ಇಷ್ಟವಿರಲಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ" ಎಂದು ನೀನು ಇಂದಿಗೂ ಹೇಳುತ್ತೀಯ. ಮೊನ್ನೆ ನಿನ್ನ ಮೊಮ್ಮಗಳ ನಾಮಕರಣದಲ್ಲೂ ಹೇಳಿದೆ. ನಾನು ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದೆ. ಆ ತುತ್ತು ಹೇಗೆ ಗಂಟಲಲ್ಲಿ ಇಳಿಯಿತೋ — ಇರಲಿ, ನನ್ನ ಗಂಟಲಿನ ಮಾತು ಬೇಡ. ಅವಳದನ್ನು ಹೇಳುತ್ತೇನೆ.

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಐವತ್ತರ ದಶಕದ ಮೊದಲ ವರ್ಷಗಳು. ಅಣ್ಣತಮ್ಮಂದಿರಿಬ್ಬರ ಸಂಸಾರವೂ ಆ ಎರಡು ಕೋಣೆಯ ಮನೆಯಲ್ಲಿ. ನಿನ್ನ ಅಮ್ಮ ಹಿರಿಯ ಸೊಸೆ, ನಾನು ಕಿರಿಯವಳು. ವಾರಗಿತ್ತಿಯಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಸುತ್ತಮುತ್ತ ಯಾರ ಮನೆಯಲ್ಲಿ ಸೀಮಂತವಾಗಲಿ, ಗೌರಿ ಹಬ್ಬವಾಗಲಿ, ಹಾಡಲು ನಮ್ಮಿಬ್ಬರಿಗೇ ಕರೆ. ಅಕ್ಕ ಸಾಲು ಎತ್ತಿಕೊಡಬೇಕು, ಅವಳು ನಿಲ್ಲಿಸಿದ ಮೇಲೆ ನಾನು ಅದೇ ಸಾಲನ್ನು ತಿರುಗಿ ಹೇಳಬೇಕು. ಎಷ್ಟೋ ವರ್ಷ ಹಾಗೇ ನಡೆದಿತ್ತು. ಅವಳು ಹಾಡಿದರೆ ಮಾಗಡಿ ರಸ್ತೆಯಲ್ಲಿ ಬಸ್ಸು ನಿಲ್ಲುತ್ತದೆ ಎಂದು ನಿನ್ನ ಅಪ್ಪ ಗೇಲಿ ಮಾಡುತ್ತಿದ್ದರು.

ಮೊದಲು ಕೆಟ್ಟದ್ದು ಬಲಗೈ. ಸುಮ್ಮನೆ ಕೂತಾಗಲೂ ಹೆಬ್ಬೆರಳು ತೋರುಬೆರಳು ಹತ್ತಿಯ ಬತ್ತಿ ಹೊಸೆಯುತ್ತಿರುವ ಹಾಗೆ ಆಡುತ್ತಿದ್ದವು. ಬತ್ತಿ ಹೊಸೆದೂ ಹೊಸೆದೂ ರೂಢಿ ಎಂದುಕೊಂಡೆವು. ಬಾಗಿಲಿಗೆ ಹಾಕುವ ರಂಗೋಲಿ ಒಂದು ಮೂಲೆಯಲ್ಲಿ ದೊಡ್ಡದಾಗಿ ಶುರುವಾಗಿ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ಮುದುಡಿಕೊಳ್ಳುತ್ತಿತ್ತು. ಆಮೇಲೆ ದನಿ ತಗ್ಗಿತು. ಅಡುಗೆಮನೆಯಿಂದ ಅವಳು ಕರೆದದ್ದು ನಡುಮನೆಗೆ ಕೇಳಿಸುತ್ತಿರಲಿಲ್ಲ.

"ನಿಮ್ಗೆಲ್ಲಾ ಕಿವಿಗೇನಾಗಿದ್ಯೋ! ಆಗ್ಲಿಂದ ಕೂಗ್ತಾನೇ ಇದೀನಿ" ಎಂದು ರೇಗುತ್ತಿದ್ದಳು. ನಾವು ನಗುತ್ತಿದ್ದೆವು. ಹೌದು, ನಕ್ಕೆವು.

ಹಾಡುವಾಗ ಮೇಲಕ್ಕೆ ಏರಬೇಕಾದ ಜಾಗ ಏರುತ್ತಿರಲಿಲ್ಲ; ಎಲ್ಲ ಒಂದೇ ಮಟ್ಟದಲ್ಲಿ, ಉಸಿರಿನ ಜೊತೆ ಬೆರೆತು ಹೊರಡುತ್ತಿತ್ತು. ಎಳೆದು ನಿಲ್ಲಿಸುವ ಕಡೆ ದನಿ ನಡುಗುತ್ತಿತ್ತು. ಕೊನೆಕೊನೆಗೆ ಪದಗಳು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು — "ಪಾರ್ಕಿನ್ಸನ್ ಅಂತಾರಮ್ಮ ಇದನ್ನ. ವಾಸಿ ಮಾಡೋ ಔಷಧಿ ಇಲ್ಲ. ಮುಖ, ಗಂಟಲು ಎಲ್ಲಾ ಬಿಗಿಯಾಗ್ತಾ ಹೋಗುತ್ತೆ. ಅವರಿಗೆ ಮಾತ್ರ ತಾವು ಜೋರಾಗೇ ಹಾಡ್ತಾ ಇದೀವಿ ಅನ್ಸುತ್ತೆ."

ಅದೇ ಹೊತ್ತಿಗೆ ಕೆಂಗೇರಿಯ ಮೇಷ್ಟ್ರ ಸಂಬಂಧ ಬಂತು. ಆ ಹಳ್ಳಿಯಲ್ಲಿ ಹುಡುಗಿ ಬಾವಿ ನೀರು ಸೇದಿ ಸಾಯಬೇಕು ಎಂದು ಅಕ್ಕ ಮೊದಲು ಬೇಡವೆಂದಳು. ನೀನು ಅತ್ತು ಹಟ ಹಿಡಿದೆ, ಅವಳು ಒಪ್ಪಿದಳು. ಒಪ್ಪಿದ ಮೇಲೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ — ಇದು ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ನಿನ್ನ ಅತ್ತೆ ಹೆಣ್ಣು ನೋಡಲು ಬಂದ ದಿನ ನನ್ನನ್ನು ಒತ್ತಟ್ಟಿಗೆ ಕರೆದು, "ನಿಮ್ಮ ಕಡೆ ನರದ ಕಾಯಿಲೆ ಗೀಯಿಲೆ ಏನೂ ಇಲ್ಲ ತಾನೆ?" ಎಂದು ಕೇಳಿದರು. "ಏನೂ ಇಲ್ಲಮ್ಮ" ಎಂದೆ. ನಿನ್ನ ಅಪ್ಪನೂ ನಾನೂ ಮಾತಾಡಿಕೊಂಡು, ಅಕ್ಕನದು ಬರೀ ನಿಶ್ಶಕ್ತಿ ಎಂದು ನಿನಗೂ ಅವಳಿಗೂ ಹೇಳಿ ಮುಗಿಸಿದ್ದೆವು.

ಪಕ್ಕದ ಖಾಲಿ ಸೈಟನ್ನೂ ಸೇರಿಸಿಕೊಂಡು ಚಪ್ಪರ ಹಾಕಿದ್ದರು, ನೆನಪಿದೆಯಲ್ಲ? ನಿಮ್ಮಿಬ್ಬರನ್ನೂ ಹಸೆಯ ಮೇಲೆ ಕೂರಿಸಿ ಆರತಿ ತಂದರು. ವಾಲಗದವರು ನಿಲ್ಲಿಸಿದರು. "ಬೀಗಿತ್ತಿ ಒಂದು ಹಾಡು ಹೇಳ್ಬೇಕಪ್ಪ" ಎಂದು ಗಂಡಿನ ಕಡೆಯ ಹೆಂಗಸರು ಕೂಗಿದರು. ಅಕ್ಕ ಬಲಗೈಯನ್ನು ಸೆರಗಿನೊಳಗೆ ಹಿಡಿದುಕೊಂಡು ಶುರು ಮಾಡಿದಳು. ಅವಳ ಕೊರಳಿನ ನರ ಉಬ್ಬಿದ್ದು ಕಂಡೆ. ಅಷ್ಟು ಬಲ ಹಾಕಿಯೂ ಬಂದ ದನಿ ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದಷ್ಟು. ನಿನ್ನ ಅತ್ತೆ ಕತ್ತು ಚಾಚಿ ಈ ಕಡೆ ನೋಡಿದರು.

ನಾನು ಕಾಯಬೇಕಿತ್ತು. ಅವಳು ಸಾಲು ಮುಗಿಸುವವರೆಗೆ ಬಾಯಿ ತೆರೆಯಬಾರದು, ಅದು ನಮ್ಮ ಕಟ್ಟಳೆ. ನಾನು ಅರ್ಧ ಹೆಜ್ಜೆ ಮುಂದೆ ಸರಿದು ಅವಳನ್ನು ಮರೆ ಮಾಡಿ, ಅದೇ ಹಾಡನ್ನು ಗಂಟಲು ಬಿಚ್ಚಿ ಎತ್ತಿಕೊಂಡೆ. ನನ್ನ ಭುಜದ ಹಿಂದೆ ಅವಳು ಹಾಡುತ್ತಲೇ ಇದ್ದಳು. ನುಡಿಯ ಕೊನೆಗೆ ಮದುಮಗಳ ಹೆಸರು ಸೇರಿಸುವ ಕಡೆ ಪ್ರತಿ ಸಲವೂ ನಿನ್ನ ಹೆಸರು ಹೇಳಿದಳು. ಅದು ನನ್ನ ಕಿವಿಗೆ ಬಿತ್ತು, ಇನ್ನಾರ ಕಿವಿಗೂ ಬೀಳಲಿಲ್ಲ. ಹಾಡು ಮುಗಿದು ನಾನು ಸರಿದಾಗ ನೀನು ತಲೆಯೆತ್ತಿ ಅಮ್ಮನನ್ನು ಹುಡುಕಿದೆ. ನಿನಗೆ ಕಂಡದ್ದು ಆ ಮುಖ — ನಗುವೂ ಇಲ್ಲ, ಅಳುವೂ ಇಲ್ಲ. ಆ ಮುಖಕ್ಕೆ ಆಗಲೇ ನಗುವುದು ಕಷ್ಟವಾಗಿತ್ತು ಪದ್ಮಾ. ನೀನು ಅದನ್ನು ಮುನಿಸು ಎಂದುಕೊಂಡೆ.

ನಿನ್ನ ಮದುವೆ ಮುರಿಯಬಾರದೆಂದು ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಆಗಿದ್ದರೆ — ಅಷ್ಟೇ ಅಲ್ಲ. ತಾಳಿ ಆಗಲೇ ಕೊರಳಿಗೆ ಬಿದ್ದಿತ್ತು, ಇನ್ನು ಮುರಿಯುವುದೇನಿತ್ತು? "ಏನು ಕಂಠ ಕಣ್ರೀ ನಿಮ್ದು!" ಎಂದು ಗಂಡಿನ ಕಡೆಯವರು ಸುತ್ತುವರಿದಾಗ ನಾನು ಉಬ್ಬಿಹೋದೆ. ಅದುವರೆಗೆ ಯಾರೂ ನನ್ನ ಕಂಠವನ್ನು ಹೊಗಳಿರಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಅವಳಿಗೆ ಅನುಮಾನವೇ ಬರಲಿಲ್ಲ. ನಾನು ಜೊತೆಗೂಡಿದೆ ಎಂದುಕೊಂಡಳು. ಮಧ್ಯಾಹ್ನ ಉಗ್ರಾಣದಲ್ಲಿ ನನ್ನ ತೋಳು ಹಿಡಿದು ಕೇಳಿದಳು — "ಪದ್ಮಂಗೆ ಕೇಳಿಸ್ತೇನೇ ನನ್ನ ಹಾಡು?"

"ಕೇಳಿಸ್ತು ಅಕ್ಕ. ಕಣ್ಣಲ್ಲಿ ನೀರು ಹಾಕ್ಕೊಂಡ್ಲು."

ಅಷ್ಟು ಸಾಕಾಯಿತು ಅವಳಿಗೆ.

ಆಮೇಲೆ ನೀನು ಹಬ್ಬಕ್ಕೂ ಬರುವುದು ಕಡಿಮೆ ಮಾಡಿದೆ. "ಪದ್ಮ ಯಾಕೇ ಬರ್ಲಿಲ್ಲ?" ಎಂದು ಅವಳು ಕೇಳುತ್ತಿದ್ದಳು, ನಾನು ಬಗ್ಗಿ ಕಿವಿ ಕೊಟ್ಟು ಕೇಳಿಸಿಕೊಂಡು, ಮನೆಯ ತಾಪತ್ರಯ ಎನ್ನುತ್ತಿದ್ದೆ. ಕಾಯಿಲೆ ಮುಚ್ಚಿಡಲಾಗದಷ್ಟು ಬೆಳೆದು ನಿನಗೆ ಗೊತ್ತಾದಾಗ, "ಮದ್ವೇಲಿ ಹಾಡ್ದೇ ಇದ್ದಿದ್ದೂ ಇದರಿಂದ್ಲೇನಾ ಚಿಕ್ಕಮ್ಮ?" ಎಂದು ನೀನೇ ಕೇಳಿದೆ. ಎಂಥ ಅವಕಾಶ ಕೊಟ್ಟಿದ್ದೆ ನೀನು! "ಇಲ್ಲಮ್ಮ, ಆಗ ಚೆನ್ನಾಗೇ ಇದ್ಲು" ಎಂದೆ. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ತಪ್ಪು ಅರ್ಧವೇ ಆಗುತ್ತದೆ. ಮಿಕ್ಕದ್ದನ್ನೂ ನಿನಗೆ ಹೇಳಿಯೇ ಸಾಯಬೇಕೆಂದು ಕೂತಿದ್ದೇನೆ.

ಕೊನೆಯ ಬಾರಿ ನೀನು ಮಗುವನ್ನೆತ್ತಿಕೊಂಡು ಬಂದೆಯಲ್ಲ, ಮಧ್ಯಾಹ್ನದ ಬಿಸಿಲಲ್ಲಿ. ಅಕ್ಕ ಮಲಗಿದಲ್ಲೇ ಆಗಿದ್ದಳು. ನೀನು ಪಕ್ಕದಲ್ಲಿ ಕೂತ ಸ್ವಲ್ಪ ಹೊತ್ತಿಗೆ ಅವಳ ತುಟಿ ಅಲ್ಲಾಡತೊಡಗಿತು. ದನಿಯೆಂಬುದು ಹೊರಗೆ ಬರುತ್ತಲೇ ಇರಲಿಲ್ಲ. ನಾನು ಬಾಗಿ ಬಾಯಿಯ ಹತ್ತಿರ ಕಿವಿ ಇಟ್ಟೆ. ಹಾಡುತ್ತಿದ್ದಳು. ಅದೇ ಆರತಿಯ ಹಾಡು. ನಿನ್ನ ಹೆಸರು ಬಂತು.

"ಏನಂತೆ ಚಿಕ್ಕಮ್ಮ?" ಎಂದೆ ನೀನು. ನೀನೂ ಬಾಗಿದ್ದರೆ ಕೇಳಿಸುತ್ತಿತ್ತು. ಕೇಳಿಸಿದರೆ ನೀನು ಒಂದೊಂದಾಗಿ ಎಲ್ಲವನ್ನೂ ಕೇಳುತ್ತಿದ್ದೆ. ಮದುವೆ ಮುರಿಯುವ ಭಯ ಆಗ ಇರಲಿಲ್ಲ. ನಾನು ಸಿಕ್ಕಿಬೀಳುವ ಭಯ ಮಾತ್ರ.

"ಬಾಯಿ ಒಣಗಿರ್ಬೇಕು. ನೀರು ಕೊಡು" ಎಂದೆ.

ನೀನು ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲೇ ನೀರು ತಂದು, ಅವಳ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ಮೆಲ್ಲಗೆ ಬಾಯಿಗೆ ಬಿಟ್ಟೆ. ಹಾಡು ಅರ್ಧಕ್ಕೆ ನಿಂತಿತು. ಅವಳು ಕಷ್ಟಪಟ್ಟು ಗುಟುಕು ನುಂಗಿದಳು, ನಿನ್ನ ಕೈಯಿಂದ ಬಂದದ್ದಲ್ಲವೇ. ಆಮೇಲೆ ತುಟಿ ಅಲ್ಲಾಡಲಿಲ್ಲ. ನೀನು ಸೆರಗಿನಿಂದ ಅವಳ ಬಾಯಿ ಒರೆಸಿದೆ.

"ಪಾಪ, ಎಷ್ಟು ಬಾಯಾರಿತ್ತೋ" ಎಂದೆ ನೀನು.

ನಾನು ಹೂಂ ಎಂದೆ.