ಕುಂಕುಮ ಮೆತ್ತಿದ ಎಡಗನ್ನಡಿ

ಲಾರಿಯ ಕನ್ನಡಿ ಇರುವುದು ನೋಡುವುದಕ್ಕೋ ಪೂಜೆಗೋ ಎಂದು ಈಗಲೂ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ನಮ್ಮ ಯಜಮಾನರು ಲಾರಿ ಡ್ರೈವರ್. ಎಂಬತ್ತರ ದಶಕ ಶುರುವಾದಾಗ ನಾವು ಯಶವಂತಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಬ್ಬಳೇ ಮಗಳು, ಇನ್ನೂ ಸ್ಕೂಲಿಗೆ ಹಾಕಿರಲಿಲ್ಲ.

ಆಗಿನ ಡ್ರೈವರುಗಳು ಬಲಗಡೆಯ ಕನ್ನಡಿ ಮಾತ್ರ ತಮ್ಮದು ಅಂದುಕೊಂಡಿದ್ದರು. ಎಡಗಡೆ ಏನಿದ್ದರೂ ಕ್ಲೀನರನದು. ಅವನು ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ ‘ಬರ್ಲಿ, ಬರ್ಲಿ’ ಅಂದರೆ ಬರಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಬೇಕು. ಅದಕ್ಕೇ ಇರಬೇಕು, ಆಯುಧಪೂಜೆಯ ದಿನ ಲಾರಿ ಓನರ್‌ನ ತಾಯಿ ಬಲಗಡೆ ಕನ್ನಡಿಯ ಮೂಲೆಗೆ ಒಂದು ಬೊಟ್ಟಿಟ್ಟು ಬಿಟ್ಟರು. ಎಡಗಡೆಯದಕ್ಕೆ ಮಾತ್ರ ತುಂಬ ಅರಿಶಿನ ಬಳಿದು ಮೇಲೆ ಕುಂಕುಮ ಮೆತ್ತಿದರು. ಎಡ ಬಾಗಿಲಿಗೆ ಬಾಳೆಕಂದು ಬೇರೆ ಕಟ್ಟಿಸಿದರು. “ತಾನಾಗೇ ಉದುರ್ಬೇಕು. ಯಾರಾದ್ರೂ ಒರೆಸಿದ್ರೆ ಗಾಡಿಗೆ ಒಳ್ಳೇದಲ್ಲ” ಎಂದರು. ಎಲ್ಲರೂ ತಲೆಯಾಡಿಸಿದರು. ನಮ್ಮ ಯಜಮಾನರಂತೂ ಕೈಮುಗಿದುಕೊಂಡೇ ನಿಂತಿದ್ದರು.

ಮಾರನೆಯ ದಿನ ವಿಜಯದಶಮಿ. ಕ್ಲೀನರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಕೋಗಿಲಿನ ಆಚೆ ಕಲ್ಲು ತುಂಬುವ ಕೆಲಸ ಮರುದಿನಕ್ಕಿತ್ತು. ನನ್ನ ತವರು ಕೋಗಿಲು. ಇವತ್ತೇ ಹೋಗಿ ಹಬ್ಬದೂಟ ಮಾಡಿ ಅಲ್ಲೇ ಉಳಿಯೋಣ ಎಂದು ಮೂವರೂ ಖಾಲಿ ಲಾರಿ ಹತ್ತಿದೆವು. ಎಡಗಡೆ, ಕ್ಲೀನರ್ ಜಾಗದಲ್ಲಿ, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ನಾನು.

ಹೆಬ್ಬಾಳ ದಾಟುವುದರೊಳಗೆ ನನಗೆ ಜೀವ ಬಾಯಿಗೆ ಬಂದಿತ್ತು. ಹಬ್ಬದ ಜನ, ಸೈಕಲ್ಲು, ಲೂನಾ, ಎಲ್ಲ ಎಡಗಡೆಯಿಂದಲೇ ನುಗ್ಗುತ್ತಿದ್ದವು. ಬ್ಯಾಟರಾಯನಪುರದ ಹತ್ತಿರ ಒಬ್ಬ ನಮ್ಮ ಲಾರಿಯ ಮೈ ಸವರಿಕೊಂಡೇ ಹೋಗಿ ತಿರುಗಿ ಬೈದ.

“ರೀ, ಈ ಕಡೆ ಒಂದೂ ಕಾಣಲ್ಲ ಕಣ್ರೀ. ಒರೆಸ್ಲಾ?”

“ಸುಮ್ನೆ ಕೂತ್ಕೊಳೇ. ವರ್ಷಕ್ಕೊಂದ್ಸಲ ಮಾಡೋ ಪೂಜೆ. ಇವತ್ತು ನೀನೇ ಕ್ಲೀನರ್” ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಮಗು ಎದುರಿಗೆ ಬೇಡ ಅಂತ ಹಲ್ಲು ಕಚ್ಚಿಕೊಂಡೆ.

ಕೋಗಿಲು ಕ್ರಾಸಿನಲ್ಲಿ ನಮ್ಮಪ್ಪ ಸೈಕಲ್ ಹಿಡಿದು ಕಾಯುತ್ತಿದ್ದರು. ತಾತನನ್ನು ಕಂಡಿದ್ದೇ ತಡ, ಮಗಳು ಇಳಿದೇ ಇಳಿಯುತ್ತೇನೆ ಎಂದು ರಚ್ಚೆ ಹಿಡಿದಳು. ಅಪ್ಪ ಅವಳನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು, “ನೀವು ಮುಂದೆ ನಡೀರಿ, ನಾವು ಇಂದ್ಗಡೆ ಬತ್ತೀವಿ” ಎಂದರು. ಹೊಸ ಹಳದಿ ಲಂಗ ಗಾಳಿಗೆ ಹಾರುವುದು ಬೇಡವೆಂದು ನಾನೇ ಅವಳ ಕಾಲ ಸುತ್ತ ಸಿಕ್ಕಿಸಿ ಬಂದೆ.

ಊರಿನ ದಾರಿ ಆಗ ಬರೀ ಮಣ್ಣು. ಎಡಕ್ಕೆ ಉದ್ದಕ್ಕೂ ಕತ್ತಾಳೆ ಬೇಲಿ. ಸ್ವಲ್ಪ ದೂರ ಹೋಗಿದ್ದೆವು, ಇಟ್ಟಿಗೆ ತುಂಬಿದ ಎತ್ತಿನ ಗಾಡಿ ಎದುರಾಗಿ ಲಾರಿ ಸ್ವಲ್ಪ ಹೊತ್ತು ನಿಂತಿತು. ಎತ್ತುಗಳು ಹಿಂದಕ್ಕೆ ಹೋಗುವುದಿಲ್ಲ, ಲಾರಿಯೇ ಹೋಗಬೇಕು. ಯಜಮಾನರು ಬಲಗನ್ನಡಿ ನೋಡಿ ರಿವರ್ಸ್ ಹಾಕಿದರು.

“ತಡೀರಿ, ಅಪ್ಪ ಎಲ್ಲವ್ರೋ ನೋಡ್ತೀನಿ.”

“ಅವ್ರು ಇನ್ನೂ ದೂರ ಇದಾರೆ ಕಣೇ. ರಸ್ತೆ ಖಾಲಿ ಇದೆ ನೋಡು” ಎಂದು ತಮ್ಮ ಕಡೆಯ ಕನ್ನಡಿ ತೋರಿಸಿದರು.

ಬಾಗಿ ನೋಡೋಣವೆಂದರೆ ಬಾಳೆ ಎಲೆ ಮುಖಕ್ಕೇ ಅಡ್ಡ. ಲಾರಿ ಎಡಕ್ಕೆ ಓರೆಯಾಗಿ ಹಿಂದೆ ಸರಿಯತೊಡಗಿತು. ಕೈ ಹೊರಗೆ ಚಾಚಿ ಸೆರಗಿನಿಂದ ಕನ್ನಡಿ ಉಜ್ಜಿದೆ. ಒಣಗಿದ ಅರಿಶಿನ ಜಪ್ಪಯ್ಯ ಅಂದರೂ ಬಿಡಲಿಲ್ಲ.

“ಏಯ್! ಮುಟ್ಬೇಡ ಅಂದ್ನಲ್ಲ!”

ಸೆರಗಿಗೆ ಉಗುಳಿದೆ. ಹೌದು, ಎಂಜಲು ಮಾಡಿಯೇ ದೇವರ ಕುಂಕುಮ ಒರೆಸಿದೆ. ಒಂದು ರೂಪಾಯಿ ಅಗಲದಷ್ಟು ಗಾಜು ಕಂಡಿತು. ಅದರಲ್ಲಿ ಹಳದಿ ಲಂಗ.

ಅಪ್ಪ ಸೈಕಲ್ಲಿನಿಂದ ಇಳಿದು, ಬೇಲಿಗೂ ಲಾರಿಗೂ ನಡುವೆ, ಹಿಂದಿನ ಚಕ್ರದ ಹತ್ತಿರಕ್ಕೇ ತಳ್ಳಿಕೊಂಡು ಬಂದುಬಿಟ್ಟಿದ್ದರು. ಮಗು ಬಾರ್ ಮೇಲೇ ಇತ್ತು. ಲಾರಿಯ ಬಾಲ ಅವರ ಕಡೆಗೇ ತಿರುಗುತ್ತಿತ್ತು.

“ಮಗೂ ರೀ! ಮಗು!” ಎಂದು ಕಿರುಚಿ ಅವರ ತೋಳನ್ನು ಉಗುರು ನೆಡುವ ಹಾಗೆ ಹಿಡಿದೆ. ಬ್ರೇಕ್ ಬಿತ್ತು. ಹಿಂದಿನಿಂದ ಕಟಕಟ ಸದ್ದು, ಆಮೇಲೆ ಅಪ್ಪನ “ಅಯ್ಯೋ ಶಿವನೇ!” ಮಗುವಿನ ದನಿ ಮಾತ್ರ ಇಲ್ಲ.

ನಾನು ಇಳಿದೆನೋ ಬಿದ್ದೆನೋ ಗೊತ್ತಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ಲಾರಿಯ ಕೆಳಗೆ ಸೊಟ್ಟಗಾಗಿ ಸಿಕ್ಕಿತ್ತು. ಅಪ್ಪ ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ಕತ್ತಾಳೆಯ ಮೇಲೇ ಒರಗಿದ್ದರು. ಬೆನ್ನಿನ ಅಂಗಿ ಹರಿದು ರಕ್ತ ಸುರಿಯುತ್ತಿತ್ತು. ಮಗುವನ್ನು ಕಿತ್ತುಕೊಂಡು ಕೈ, ಕಾಲು, ತಲೆ ಎಲ್ಲ ತಡವಿದೆ. ಒಂದು ಗೀರೂ ಇರಲಿಲ್ಲ. ಆಗ ನನಗೆ ಅಳು ಬಂತು, ಅದರ ಹಿಂದೆಯೇ ಎಲ್ಲಿಲ್ಲದ ಸಿಟ್ಟು. ಅಪ್ಪನ ಮೇಲೂ ಹರಿಹಾಯ್ದೆ.

“ಗಾಡಿ ಪಕ್ಕಕ್ಕೆ ಯಾಕಪ್ಪ ಬಂದೆ?”

“ನಿಂತಿತ್ತಲ್ಲವ್ವಾ, ಮುಂದೆ ಓಗಾನಾ ಅಂತ ಬಂದೆ. ಅಳೀಂದ್ರು ಕನ್ನಡೀಲಿ ನೋಡ್ತಾವ್ರೆ ಅಂದ್ಕೊಂಡೆ” ಎಂದರು ಅಪ್ಪ.

ಯಜಮಾನರು ಅಷ್ಟರಲ್ಲಿ ಇಳಿದು ಬಂದಿದ್ದರು. ಚಕ್ರ ನೋಡಿದರು, ಮಗುವನ್ನು ನೋಡಿದರು, ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದರು. ಇಟ್ಟಿಗೆ ಗಾಡಿಯವನು ನೀರಿನ ತಂಬಿಗೆ ತಂದು ಕೊಟ್ಟರೆ ಅದನ್ನು ನಮ್ಮಪ್ಪನ ಕಡೆಗೆ ಸರಿಸಿದರು.

ಮಗಳು ನನ್ನ ಕೈ ಬಿಡಿಸಿಕೊಂಡು ಅವರ ಮುಂದೆ ಹೋಗಿ ನಿಂತಳು.

“ಅಪ್ಪಾ, ನಾನು ಕನ್ನಡೀಗೆ ಟಾಟಾ ಮಾಡ್ತಾನೇ ಇದ್ದೆ. ನೀನು ನೋಡ್ಲೇ ಇಲ್ಲ. ತಾತನ ಜೊತೆ ಹೋದೆ ಅಂತ ಕೋಪನಾ?”

ಅವಳನ್ನು ಎತ್ತಿಕೊಳ್ಳಲು ಅವರು ಚಾಚಿದ ಕೈ ಅರ್ಧಕ್ಕೇ ನಿಂತುಬಿಟ್ಟಿತು, ಮುಟ್ಟುವುದಕ್ಕೇ ಹೆದರಿದ ಹಾಗೆ. ನಾನೇ ಅವಳನ್ನು ಎತ್ತಿ ಅವರ ತೊಡೆಯ ಮೇಲೆ ಕೂರಿಸಿದೆ.