ಮೀಸೆ ಕೇಳಿದ ಮಂತ್ರದ ಕೋಲು

ಮಂಗಳವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಎದುರು ಮನೆಯ ಯಜಮಾನರು ರಸ್ತೆ ದಾಟಿ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. ಮುಖ ಸಣ್ಣ ಮಾಡಿಕೊಂಡಿದ್ದರು.

"ಯಾವಾಗ ಹೋದ್ರು? ನಮಗ ಒಂದ್ ಮಾತು ಹೇಳ್ಬಾರ್ದೇನ್ರಿ?"

ಯಾರು ಹೋದರು ಎಂದು ನನಗೇ ಗಾಬರಿ. ಆಮೇಲೆ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಅಲ್ಲಿ ಏನೂ ಇಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಗಂಡಸು ಮೀಸೆ ಬೋಳಿಸಿಕೊಂಡು ಬೀದಿಗೆ ಬಂದನೆಂದರೆ ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ ಎಂದೇ ಲೆಕ್ಕ.

"ಯಾರೂ ಹೋಗಿಲ್ರಿ. ಮೀಸಿ ಒಂದ ಹೋಗೇತಿ," ಎಂದೆ. ಹೇಳುತ್ತಾ ಹೇಳುತ್ತಾ ನಗು ತಡೆಯಲಾಗದೆ ಬಾಗಿಲಿನ ಚಿಲಕ ಹಿಡಿದು ನಿಂತೆ. ಪಾಪ, ಅವರು ನನಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ಇನ್ನಷ್ಟು ಗಟ್ಟಿಯಾಗಿ ಕೈ ಹಿಡಿದರು.

ಚಹಾದ ಅಂಗಡಿಯಲ್ಲೂ ಅದೇ ಕಥೆ. ನಾನು ಹೋದ ಕೂಡಲೇ ಮಾತು ನಿಂತಿತು, ಕೂತವರು ಎದ್ದು ಜಾಗ ಕೊಟ್ಟರು. "ಅಪ್ಪಾ, ಯಾರೂ ಸತ್ತಿಲ್ಲ ಅಂತ ಒಂದ್ ಬೋರ್ಡ್ ಬರ್ಸಿ ಹಾಕಿಬಿಡಾಣು," ಎಂದ ಮಗ. ಬೋರ್ಡಿನಲ್ಲಿ ಹಿಡಿಸುವ ಸಂಗತಿಯೇ ಇದು? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಪೆನ್ನಿಗಿಂತ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವೇ ಕೈಗೆ ಹೊಂದುತ್ತದೆ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಎದೆಯಲ್ಲಿ ಇಟ್ಟುಕೊಳ್ಳಲು ಜಾಗ ಸಾಲುತ್ತಿಲ್ಲ.

ನನ್ನ ಮಗಳನ್ನು ಮಡಕಶಿರದ ಕಡೆ ಕೊಟ್ಟಿದ್ದೇವೆ. ಅವಳ ಒಬ್ಬಳೇ ಮಗಳಿಗೆ ಈಗ ಏಳನೇ ವರ್ಷ ನಡೆಯುತ್ತಿದೆ. ಈ ಕೂಸು ಹುಟ್ಟಿದ್ದು ತಿಂಗಳು ತುಂಬುವ ಮೊದಲು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು, ಅಂಗೈಯಲ್ಲಿ ಹಿಡಿಸುವಷ್ಟು ಇತ್ತು. ಆಗ ನನ್ನ ಹೆಂಡತಿ ಗಾಜಿಗೆ ಹಣೆ ಹಚ್ಚಿ ಮನೆದೇವರಿಗೆ ಹರಕೆ ಹೊತ್ತಳು: ಮಗು ಉಳಿಯಲಿ, ಬೆಸ ವರ್ಷದಲ್ಲಿ ಇದರ ತಲೆಗೂದಲು ನಿನಗೆ, ಮಗು ನಗುನಗುತ್ತಾ ಕೊಡುವ ಹಾಗೆ ನೋಡಿಕೊಳ್ಳುತ್ತೇನೆ ಎಂದು. ಮಗು ಉಳಿಯಿತು. ಮೂರನೇ ವರ್ಷ ಮುಡಿ ಕೊಡೋಣ ಎಂದರೆ ಮೈತುಂಬ ಗುಳ್ಳೆ ಎದ್ದವು. ಐದನೇ ವರ್ಷ ಬೀಗರ ಮನೆಯಲ್ಲಿ ಸೂತಕ. ಏಳಕ್ಕೆ ಬರುವಷ್ಟರಲ್ಲಿ ಕೂದಲು ಸೊಂಟ ಮುಟ್ಟಿತ್ತು. ಕೂದಲಿನ ಒಡತಿಗೆ ಮಾತೂ ಬಂದಿತ್ತು, ಹಟವೂ ಬಂದಿತ್ತು. ದಸರಾ ರಜೆಗೆ ತಾಯಿ ಮಗಳು ನಮ್ಮೂರು ರಾಯದುರ್ಗಕ್ಕೆ ಬಂದರು. ಸೋಮವಾರ ಮುಡಿ ಎಂದು ಗೊತ್ತಾಗಿತ್ತು. ಕೂಸಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮ ಮನೆಯ ಮುಂಭಾಗವೇ ಅಂಗಡಿ. ನಾನು ಜೀನ್ಸ್ ಬಟ್ಟೆ ಕತ್ತರಿಸುತ್ತೇನೆ, ಮಗ ಹೊಲಿಯುತ್ತಾನೆ. ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ನೀಲಿ ಚೂರುಗಳ ಗುಡ್ಡೆ. ಬಂದ ದಿನವೇ ಮೊಮ್ಮಗಳು ಅದರೊಳಗೆ ನುಗ್ಗಿದಳು. ಸಂಜೆ ಹೊರಗೆ ಬಂದು, ಅಲ್ಲಿ ಒಂದು ಊರಿದೆ, ಊರಿನ ಹೆಸರು ಮೇಜಿನಡಿ, ತಾನು ಅಲ್ಲಿನ ರಾಣಿ ಎಂದಳು. ಆ ಊರಿನಲ್ಲಿ ಎಲ್ಲರ ಹತ್ತಿರವೂ ಮಂತ್ರದ ಕೋಲು ಇರುತ್ತದಂತೆ. ಕೋಲಿಲ್ಲದವರು ರಾಣಿಯೇ ಆದರೂ ಊಟಕ್ಕೆ ಕರೆಯುವುದಿಲ್ಲವಂತೆ.

ಸೋದರಮಾವ ಅಲ್ಲವೇ, ನನ್ನ ಮಗ ಓಡಿಹೋಗಿ ಒಂದು ಪ್ಲಾಸ್ಟಿಕ್ ಕೋಲು ತಂದ. ತುದಿಯಲ್ಲಿ ನಕ್ಷತ್ರ, ಒತ್ತಿದರೆ ಕೆಂಪು ದೀಪ. ಅವಳು ತಿರುಗಿಸಿ ಮುರುಗಿಸಿ ನೋಡಿ ವಾಪಸ್ಸು ಕೊಟ್ಟಳು.

"ಮಾವ, ಇದು ಇನ್ನೂ ಒಂದಿನಾನೂ ಕೆಲ್ಸ ಮಾಡಿಲ್ಲ. ಕೆಲ್ಸ ಮಾಡಿರೋ ಕೋಲಿಗೇ ಶಕ್ತಿ ಬರೋದು."

ಸರಿ, ಕೆಲಸ ಮಾಡಿದ ಕೋಲಿಗಾಗಿ ಮನೆಯೆಲ್ಲ ಹುಡುಕಾಟ. ಅಜ್ಜಿಯ ಲಟ್ಟಣಿಗೆಯನ್ನು ಕಿವಿಗೆ ಹಿಡಿದು ಕೇಳಿದಳು. "ಇದಕ್ಕೆ ಇನ್ನೂ ಡ್ಯೂಟಿ ಐತೆ, ಬರಲ್ಲ ಅಂತೈತೆ." ಛತ್ರಿಗೆ ಬರೀ ನಿದ್ದೆಯಂತೆ. ಕೊನೆಗೆ ಮೂಲೆಯಲ್ಲಿ ನನ್ನ ಹಳೆಯ ಗಜ ಸಿಕ್ಕಿತು, ಬಟ್ಟೆ ಅಳೆಯುವ ಮರದ ಕೋಲು. ನನ್ನ ಗುರುಗಳು ಕೊಟ್ಟದ್ದು. ಎಷ್ಟೋ ವರ್ಷ ದುಡಿದು ನಡುವೆ ಮುರಿದಿತ್ತು, ಎಸೆಯಲು ಮನಸ್ಸು ಬಂದಿರಲಿಲ್ಲ. ಅರ್ಧ ಉಳಿದಿದೆ, ಒಂದು ತುದಿಗೆ ಹಿತ್ತಾಳೆ ತಗಡು. ಅದನ್ನು ಕಿವಿಗೆ ಹಿಡಿದವಳು ಕಣ್ಣರಳಿಸಿದಳು.

"ತಾತ, ಇದಕ್ಕೆ ರಿಟೇರ್ ಆಗೈತೆ! ಇದು ಬತ್ತೀನಿ ಅಂತೈತೆ!"

ಆ ಕೋಲಿನ ಕಾನೂನುಗಳನ್ನು ಅವಳು ನನಗೆ ಕಲಿಸಿದ ಚೆಂದ ಏನು ಹೇಳಲಿ! ಹಿತ್ತಾಳೆ ತುದಿಯಿಂದ ಮಂತ್ರ ಹೊರಗೆ ಹೋಗುತ್ತದೆ, ಮುರಿದ ತುದಿಯಿಂದ ಕೋಲು ಉಸಿರಾಡುತ್ತದೆ. ಅದಕ್ಕೇ ಮುರಿದ ತುದಿಯನ್ನು ಅಂಗೈಯಿಂದ ಮುಚ್ಚಬಾರದು. ಎಷ್ಟು ದೊಡ್ಡ ಕೆಲಸವೋ ಅಷ್ಟು ಇಂಚಿನ ಮೇಲೆ ಹೆಬ್ಬೆರಳು ಇಡಬೇಕು. ಇರುವೆ ಓಡಿಸಲು ಎರಡು ಇಂಚು ಸಾಕು, ಹೋದ ಕರೆಂಟು ಬರಲು ಇಡೀ ಕೋಲು ಬೇಕು. ಮಂತ್ರ "ಸೂಜಿ ದಾರ ಕಾಜ ಗುಂಡಿ". ಬಿಡಿಸಬೇಕಾದರೆ ಹಿಂದಿನಿಂದ ಹೇಳಬೇಕು. ಕೋಲು ಹಿಡಿದವರು ಸುಳ್ಳು ಹೇಳಿದರೆ ಕೋಲು ಸೊಟ್ಟಗಾಗುತ್ತದೆ. ಆಮೇಲೆ ಸೊಟ್ಟ ಕೋಲು ಹಿಡಿದು ಊರೆಲ್ಲ ತಿರುಗಬೇಕು, ಎಲ್ಲರೂ ನೋಡುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಕಾನೂನು ಒಂದಿದೆ. ಮಂತ್ರ ನಡೆಯುವಾಗ ಯಾರೂ ನಗಬಾರದು. ನಕ್ಕರೆ, ಯಾರ ಮೇಲೆ ಹಾಕಿದ ಮಂತ್ರವೋ ಅವರನ್ನು ಬಿಟ್ಟು ನಕ್ಕವರ ಮೇಲೆ ಬೀಳುತ್ತದೆ.

ಇದನ್ನು ನಾವು ಕಣ್ಣಾರೆ ಕಂಡೆವು. ಬೀದಿನಾಯಿಗೆ "ಕೂತ್ಕೋ" ಎಂದು ಮಂತ್ರ ಹಾಕಿದಳು. ನಾಯಿ ಆಕಳಿಸಿತು, ನನ್ನ ಮಗ ನಕ್ಕ. ಅಷ್ಟೇ. ಕಟ್ಟೆಯ ಮೇಲೆ ಅವನು ನಾಯಿಯ ಪಕ್ಕ ಕೂರಬೇಕಾಯಿತು.

"ಏಳ್ಬೇಡ ಮಾವ, ಇನ್ನೂ ಬಿಡ್ಸಿಲ್ಲ."

"ಏ ತಾಯಿ, ಪ್ಯಾಂಟು ಕೇಳ್ಲಿಕ್ಕೆ ಗಿರಾಕಿ ಬಂದಾರ!"

"ಗಿರಾಕಿನೂ ಕೂತ್ಕೊಳ್ಲಿ."

ಶನಿವಾರ ಮಧ್ಯಾಹ್ನ ಆಟ ಕೆಟ್ಟಿತು. ನನ್ನ ಹೆಂಡತಿ ಮತ್ತು ಮಗಳು ಸೋಮವಾರದ ಸಿದ್ಧತೆ ಮಾತಾಡುತ್ತಿದ್ದರು. ಮೇಜಿನ ಕೆಳಗೆ ರಾಣಿ ಇದ್ದದ್ದು ಇಬ್ಬರಿಗೂ ಮರೆತಿತ್ತು. ಚಿಂದಿ ಗುಡ್ಡೆಯೊಳಗಿಂದ ಕೋಲಿನ ಹಿತ್ತಾಳೆ ತುದಿ ಮೊದಲು ಹೊರಬಂತು, ಆಮೇಲೆ ದನಿ.

"ಸೂಜಿ ದಾರ ಕಾಜ ಗುಂಡಿ! ಈ ಮನೆಯಾಗಿರೋ ಕತ್ರಿ, ಬ್ಲೇಡು, ಎಲ್ಲಾನೂ ಬಂದ್! ನನ್ ಕೂದ್ಲು ಯಾರೂ ಮುಟ್ಟಂಗಿಲ್ಲ!"

ಸಮಾಧಾನ ಮಾಡೋಣವೆಂದು ನಾನು ಕತ್ತರಿ ತೆಗೆದುಕೊಂಡು, ಅದು ತೆರೆಯಲೇ ಬರುತ್ತಿಲ್ಲ ಎಂಬಂತೆ ತಿಣುಕಿದೆ. "ನಾಟ್ಕ ಮಾಡ್ಬೇಡ ತಾತ," ಎಂದಳು. ದನಿ ಅಳುವಿನ ಅಂಚಿನಲ್ಲಿತ್ತು. "ಗುಂಡು ಮಾಡ್ಸಿದ್ರೆ ಇಸ್ಕೂಲ್ನಾಗೆ ಎಲ್ರೂ ನಗ್ತಾರೆ."

ನನ್ನ ಮಗ ತಮಾಷೆಗೆ, "ಮಕ್ಕೊಂಡಾಗ ತೆಗದ್ರಾತು ಬಿಡು," ಎಂದುಬಿಟ್ಟ. ನನ್ನ ಹೆಂಡತಿ ಅವನ ಬೆನ್ನಿಗೆ ಒಂದು ಬಿಟ್ಟಳು. ಆಮೇಲೆ ಹೊಸ್ತಿಲ ಹತ್ತಿರ ಕೂತು ಮೆಲ್ಲಗೆ ನನಗೆ ಹೇಳಿದಳು:

"ಅಳಿಸಿ ತೆಗದ್ರ ಅದು ಕೊಟ್ಟಂಗ ಅಲ್ರಿ, ಕಸಗೊಂಡಂಗ. ದೇವ್ರ ಮುಂದ ನಾನು ನಕ್ಕೋತ ಅಂದೀನಿ. ಏನಾರ ಮಾಡ್ರಿ."

ಮಂಡಿನೋವು ಇರುವ ಮನುಷ್ಯ ನಾನು. ಆದರೂ ಅಂಬೆಗಾಲಿಟ್ಟು ಮೇಜಿನ ಕೆಳಗೆ ಹೋದೆ. ರಾಣಿ ಜಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಮಹಾರಾಣಿಯವ್ರ, ಒಂದ್ ಅರ್ಜಿ ಐತ್ರಿ," ಎಂದೆ. "ಹಾಕಿದ ಬಂದ್ ಬಿಡಸಾಕ ನಿಮ್ಮೂರಾಗ ಏನಾರ ದಾರಿ ಐತೇನ್ರಿ?"

ಅವಳು ಗಾಜಿನ ಪೆಟ್ಟಿಗೆಯಲ್ಲಿ ಇದ್ದ ಕಥೆಯನ್ನೂ ಅಜ್ಜಿ ದೇವರಿಗೆ ಕೊಟ್ಟ ಮಾತಿನ ಕಥೆಯನ್ನೂ ಅಲ್ಲೇ ಹೇಳಿದೆ. ಎಲ್ಲ ಕೇಳಿದಳು. ಕೋಲನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೂತಳು.

"ಇನ್ನೊಬ್ರು ಯಾರಾದ್ರೂ ಕೂದ್ಲು ಕೊಡ್ಬೇಕಂತೆ. ಆಗ ಬಂದ್ ಬಿಡ್ಸ್ತೀನಿ ಅಂತೈತೆ."

"ಅಷ್ಟ ತಾನ? ತಗೋ ನನ್ನ ತಲಿ," ಎಂದು ಬಗ್ಗಿಸಿದೆ. ಅವಳು ಕೋಲಿನಿಂದ ನನ್ನ ನೆತ್ತಿ ಮುಟ್ಟಿ ನಿಟ್ಟುಸಿರು ಬಿಟ್ಟಳು.

"ಇದ್ರಾಗೆ ಏನೈತೆ ತಾತ, ನೀನೇ ಹೇಳು."

ಆಮೇಲೆ ಹಿತ್ತಾಳೆ ತುದಿ ನಿಧಾನವಾಗಿ ಕೆಳಗೆ ಇಳಿಯಿತು. ಹಣೆ ದಾಟಿತು, ಮೂಗು ದಾಟಿತು, ನಿಂತಿತು.

ಓದುವವರಿಗೆ ನನ್ನ ಮೀಸೆ ಗೊತ್ತಿಲ್ಲ. ಮದುವೆಗೆ ಮೊದಲೇ ಬಿಟ್ಟದ್ದು. ತುದಿ ಎರಡೂ ಮೇಲಕ್ಕೆ ತಿರುಗಿರುತ್ತಿದ್ದವು. ಗಿರಾಕಿಗಳು ಅಂಗಡಿಯ ಹೆಸರು ಹೇಳುವುದಿಲ್ಲ, ಮೀಸೆ ಟೈಲರ್ ಹತ್ತಿರ ಎನ್ನುತ್ತಾರೆ. ಸುದ್ದಿ ಕೇಳಿ ನನ್ನ ಹೆಂಡತಿ, "ಅದೊಂದು ಬಿಟ್ಟು ಬ್ಯಾರೆ ಏನಾರ ಕೇಳವ್ವ. ಅದಿಲ್ದ ಈ ಮನಶ್ಯಾನ ನಾ ನೋಡೇ ಇಲ್ಲ!" ಎಂದಳು. ಕೋಲು ಒಪ್ಪಲಿಲ್ಲ.

ಸೋಮವಾರ ಬೆಳುಗುಪ್ಪದ ಕಡೆ ಇರುವ ನಮ್ಮ ಮನೆದೇವರ ಗುಡಿಗೆ ಹೋದೆವು. ಕೊಡುವವರು ಮೊದಲು ಎಂದು ರಾಣಿಯ ಅಪ್ಪಣೆ, ಅದಕ್ಕೇ ನಾನೇ ಮಣೆಯ ಮೇಲೆ ಕೂತೆ. ಕ್ಷೌರದವರು ನನ್ನ ತಲೆಗೆ ನೀರು ಹಚ್ಚಲು ಬಂದರು.

"ತಲಿ ಅಲ್ಲಪ್ಪ, ಮೀಸಿ."

ಅವರ ಕೈ ನಿಂತುಬಿಟ್ಟಿತು. ಹಿರಿಯರನ್ನು ತೆಲುಗಿನಲ್ಲೇ ಕರೆಯುವವರು ಅವರು. "ಅಯ್ಯಯ್ಯೋ ಪೆದ್ದಾಯನಾ, ಮನ್ಯಾಗ ಯಾರಾದ್ರೂ..."

"ಎಲ್ಲಾರೂ ಗಟ್ಟಿ ಅದಾರ. ಇದು ಕೋಲಿನ ಅಪ್ಪಣಿ."

ಅವರು ಕೋಲು ಹಿಡಿದವಳನ್ನು ನೋಡಿದರು, ನನ್ನನ್ನು ನೋಡಿದರು. "ಈ ಗುಡ್ಯಾಗ ಎಷ್ಟೋ ಹರಕಿ ನೋಡೀನಿ. ಕೋಲಿಗೆ ಮೀಸಿ ಕೊಟ್ಟೋರ್ನ ಇವತ್ತ ನೋಡಿದ್ದು," ಎಂದು ಬ್ಲೇಡು ತೆಗೆದರು.

ಮೊಮ್ಮಗಳು ಇಡೀ ಕೋಲಿಗೆ ಹೆಬ್ಬೆರಳಿಟ್ಟು ನನ್ನ ಕಡೆ ತೋರಿಸಿದಳು. "ಸೂಜಿ ದಾರ ಕಾಜ ಗುಂಡಿ, ಕೂದ್ಲೇ ಕೂದ್ಲೇ ಬಂದ್ಬಿಡು. ಯಾರೂ ನಗ್ಬಾರ್ದು!" ನನ್ನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಗ ಕಂಬದ ಕಡೆ ತಿರುಗಿ ನಿಂತ. ಎಡಗಡೆ ಹೋಯಿತು, ಬಲಗಡೆ ಹೋಯಿತು. ಗಾಳಿ ಬಂದು ಮೂಗಿನ ಕೆಳಗೆ ತಣ್ಣಗೆ ಕೂತಿತು.

"ಈಗ ನೀನು ಬಾ ಕೂಸು," ಎಂದೆ.

ಅವಳು ಒದ್ದೆ ಬ್ಲೇಡನ್ನು ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು ಜಡೆ ಹಿಡಿದುಕೊಂಡಳು. "ಕೋಲು ಇನ್ನೂ ಯೋಚ್ನೆ ಮಾಡ್ತೈತೆ."

ಮೀಸೆಯೂ ಹೋಯಿತು, ಹರಕೆಯೂ ಉಳಿಯಿತಲ್ಲ! ನನ್ನ ಹೆಂಡತಿಯ ಬಾಯಿಯಿಂದ ಸೆರಗು ಜಾರಿತು. ಆ ಮುಖದಲ್ಲಿ ಈಗ ನಗುವಿರಲಿಲ್ಲ. ಏನು ಮಾಡಬೇಕೆಂದು ತೋಚದೆ ನಾನು ಅಭ್ಯಾಸಬಲದಿಂದ ಮೀಸೆ ತಿರುವಲು ಕೈ ಎತ್ತಿದೆ. ಬೆರಳಿಗೆ ಏನೂ ಸಿಗಲಿಲ್ಲ. ಗಾಳಿಯನ್ನೇ ಎರಡು ಸುತ್ತು ತಿರುವಿಬಿಟ್ಟೆ.

ಕಿಸಕ್ ಎಂದಿತು. ನಕ್ಕದ್ದು ಮೊಮ್ಮಗಳು.

ಗುಡಿಯ ಮುಂದೆ ಎಲ್ಲರೂ ಅವಳ ಕಡೆ ತಿರುಗಿದರು.

"ಅದು ನಗು ಅಲ್ಲ. ಕೆಮ್ಮು," ಎಂದಳು.

ಆಮೇಲೆ ತಾನೇ ಕೋಲನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಅದರ ಉದ್ದಕ್ಕೂ ನೋಡಿದಳು. ಗಜ ನೆಟ್ಟಗಿದೆಯೇ ಎಂದು ನಾನು ನೋಡುವುದು ಹಾಗೆಯೇ. ಏನು ಕಂಡಿತೋ ಅವಳಿಗೆ. ತುಟಿ ಕಚ್ಚಿಕೊಂಡಳು.

"ಸೊಟ್ಟ ಆಗ್ತೈತೆ ತಾತ. ನಕ್ಕೆ. ನಾನೇ ನಕ್ಬಿಟ್ಟೆ." ಕಾನೂನು ಯಾರದ್ದು? ಅವಳದ್ದೇ. ನನ್ನ ಮೇಲಿದ್ದ ಮಂತ್ರ ಈಗ ಅವಳ ಮೇಲೆ ಬಿದ್ದಿತ್ತು. ನಡೆದು ಬಂದು ಸೋದರಮಾವನ ತೊಡೆಯ ಮೇಲೆ ಕೂತಳು. "ತಾತ, ನೀನು ಮುಂದೇನೇ ಕೂತ್ಕೋ. ಗಾಳಿ ತಿರುವ್ತಾ ಇರು."

ತಿರುವಿದೆ. ಬ್ಲೇಡು ತಲೆಯ ಮೇಲೆ ಹೋಗುವಷ್ಟು ಹೊತ್ತೂ ನಾನು ಇಲ್ಲದ ಮೀಸೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದೆ. ನೀಳ ಜಡೆ ಅವಳ ಅಜ್ಜಿಯ ಮಡಿಲಿಗೆ ಬಿತ್ತು, ಕೂಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. "ಅಲುಗಾಡ್ಬ್ಯಾಡ ತಲ್ಲಿ, ನನ್ ತಾಯಿ," ಎನ್ನುವ ಕ್ಷೌರದವರೂ ನಗುತ್ತಿದ್ದರು. ನನ್ನ ಹೆಂಡತಿ ಗುಡಿಯೊಳಗೆ ನೋಡಿ ಕೈಮುಗಿದು, "ನೋಡಪ್ಪ, ನಕ್ಕೋತ ಅಂದಿದ್ನಿ," ಎಂದಳು. ಅವಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ಇತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಗಂಧ ಹಚ್ಚಿದ ಗುಂಡಿನಲ್ಲಿ ಅವಳು ಮಡಕಶಿರಕ್ಕೆ ಹೋದಳು, ಕೋಲು ಜೊತೆಗೇ ಹೋಯಿತು. ಶಾಲೆ ತೆರೆದ ಸಂಜೆ ವಿಡಿಯೋದಲ್ಲಿ ಕಂಡಾಗ ನಾನು ಹೆದರುತ್ತಲೇ ಕೇಳಿದೆ, "ಯಾರಾದ್ರೂ ನಕ್ಕರೇನವ್ವ?"

"ಒಬ್ಬ ನಗಕ್ಕೆ ಬಂದ. ನಕ್ಕೋರಿಗೆ ಏನಾಗ್ತೈತೆ ಅಂತ ಹೇಳ್ದೆ. ತಲೆ ಮೇಲೆ ಕೈ ಇಟ್ಕೊಂಡು ಓಡೋದ."

ಈಗ ದಿನಾ ಸಂಜೆ ಅವಳು ಫೋನಿಗೆ ನೆತ್ತಿ ತೋರಿಸುತ್ತಾಳೆ, ನಾನು ತುಟಿ ತೋರಿಸುತ್ತೇನೆ. ಅವಳದ್ದು ರಾಗಿ ಚೆಲ್ಲಿದ ಹಾಗಿದೆ, ನನ್ನದು ಉಪ್ಪು ಚೆಲ್ಲಿದ ಹಾಗೆ. ನಿನ್ನೆ ಹೊಸ ಕಾನೂನು ಬಂದಿದೆ. ಎರಡೂ ಜೊತೆಯಾಗಿ ಬೆಳೆಯಬೇಕು, ಅವಳ ಜಡೆ ಸೊಂಟ ಮುಟ್ಟುವ ತನಕ ನಾನು ಮೀಸೆಗೆ ಕತ್ತರಿ ತಾಗಿಸುವಂತಿಲ್ಲ.

"ಅಷ್ಟೊತ್ತಿಗೆ ನಿಮ್ಮದೂ ಸೊಂಟಕ್ಕ ಬರ್ತೈತಿ," ಎಂದಳು ನನ್ನ ಹೆಂಡತಿ ಒಲೆಯ ಕಡೆಯಿಂದ. "ಊಟ ಹೆಂಗ ಮಾಡ್ತೀರಿ?"

"ಜಡಿ ಹಾಕ್ಕೊಂಡು ಮಾಡ್ತೀನಿ ಬಿಡು," ಎಂದೆ.