ಕೆಚ್ಚಲ ಬಿಸಿ ಆರದ ಹಾಲು

ಲ್ಯಾಕ್ಟೋಮೀಟರ್ ಇಪ್ಪತ್ತೈದೂವರೆಯಲ್ಲಿ ನಿಂತಿತು. ಗಾಜನ್ನು ಬೆರಳಿನಿಂದ ಒಮ್ಮೆ ತಟ್ಟಿದೆ. ಅದು ತುಸು ಅದುರಿ ಮತ್ತೆ ಅದೇ ಗೆರೆಗೆ ಬಂತು. ನಮ್ಮ ಸೊಸೈಟಿಯಲ್ಲಿ ಹಸುವಿನ ಹಾಲು ಇಪ್ಪತ್ತಾರು ಮುಟ್ಟಬೇಕಿತ್ತು. ಮುಟ್ಟದಿದ್ದರೆ ನೀರು ಬೆರೆಸಿದ್ದಾರೆ ಎಂದೇ ಲೆಕ್ಕ.

"ಎಷ್ಟಮ್ಮಣಿ?" ಎಂದರು ಪಕ್ಕದಲ್ಲಿ ನಿಂತಿದ್ದ ತಲೈವರು. ಸೊಸೈಟಿಯ ಅಧ್ಯಕ್ಷರನ್ನು ಊರು ಹಾಗೆ ಕರೆಯುತ್ತಿತ್ತು. ನನಗೆ ವರಸೆಯಲ್ಲಿ ದೊಡ್ಡಪ್ಪ.

ಹೇಳಿದೆ. ಸಾಲಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿಯೇ ಹೇಳಿದೆ. ಕ್ಯಾನು ತಂದಿದ್ದ ಹೆಂಗಸು ನನ್ನ ಮುಖ ನೋಡಿದಳು. ಆಕೆ ಸೊಸೈಟಿಗೆ ಎರಡು ಮನೆ ಆಚೆ ಒಬ್ಬಳೇ ಇದ್ದ ವಿಧವೆ. ನಾನು ಅತ್ತೆ ಎನ್ನುತ್ತಿದ್ದೆ. ಆಕೆಗಿದ್ದದ್ದು ಒಂದು ಹಸು. ಆ ತಿಂಗಳಲ್ಲಿ ಇದು ಮೂರನೆಯ ಸಲ.

"ನಿನ್ ಅಸೂನ ಪೆರಿಯಾರ್ ಕಾಲುವೇಲಿ ಕಟ್ಟಿದ್ದೀಯೇನಕ್ಕ?" ಸಾಲಿನಿಂದ ಒಬ್ಬರು ಕೇಳಿದರು. ನಗು ಎದ್ದಿತು.

"ನೀರ್ ಆಕಿಲ್ಲ," ಎಂದಳು ಅತ್ತೆ. "ಕರೆದ ಕೈಯಲ್ಲೇ ಓಡಿ ಬಂದಿವ್ನಿ. ಮುಟ್ಟಿ ನೋಡ್ರಿ, ಇನ್ನೂ ಬಿಸಿ ಐತೆ."

ಯಾರೂ ಮುಟ್ಟಲಿಲ್ಲ. ಮೂರನೆಯ ಸಲ ಸಿಕ್ಕವರು ತಮ್ಮ ಹಾಲನ್ನು ತಮ್ಮ ಕೈಯಿಂದಲೇ ಬೇವಿನ ಬುಡಕ್ಕೆ ಸುರಿಯಬೇಕು. ಅಂದಿಗೆ ಅವರ ಸದಸ್ಯತ್ವ ಮುಗಿಯಿತು. ಸರಕಾರದ ಬೈಲಾದಲ್ಲಿ ಹಾಗೆ ಇರಲಿಲ್ಲ. ದನದಿಂದಲೇ ಹೆಸರು ಪಡೆದ ನಮ್ಮ ಜನ ತಾವೇ ಮಾಡಿಕೊಂಡ ಕಟ್ಟಳೆ ಅದು. ಆಕೆ ಸುರಿದಳು. ಹಾಲು ಮಣ್ಣಿನಲ್ಲಿ ಇಂಗುವವರೆಗೂ ಸಾಲು ಮುಂದೆ ಸರಿಯಲಿಲ್ಲ. ನೋಡುವುದೂ ಕಟ್ಟಳೆಯ ಭಾಗವಾಗಿತ್ತು.

ಆಗ ತೇನಿ ಹೊಸದಾಗಿ ಜಿಲ್ಲೆಯಾಗಿತ್ತು. ನಾನು ಮದುರೆಯಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ ಕೆಲಸದ ಪತ್ರಕ್ಕೆ ಕಾಯುತ್ತಿದ್ದೆ. ನಮ್ಮೂರು ಉತ್ತಮಪಾಳಯಂನಿಂದ ಮಾರ್ಕಯನ್‌ಕೋಟ್ಟೈ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಸುಮಾರು ನಲವತ್ತು ಮನೆ ಸೇರಿ ಹಾಲಿನ ಸೊಸೈಟಿ ಕಟ್ಟಿದ್ದರು. "ಪಡಿಚ್ಚವಳು, ಓದಿದವಳು ಅಳೆದ್ರೆ ಜಗಳ ಇರಲ್ಲ" ಎಂದು ಬೆಳಗಿನ ಪರೀಕ್ಷೆಯನ್ನು ದೊಡ್ಡಪ್ಪ ನನಗೆ ಒಪ್ಪಿಸಿದ್ದರು. ನಿಜ, ಜಗಳ ಇರಲಿಲ್ಲ.

ಖಾಸಗಿ ಡೈರಿಯೊಂದರ ವ್ಯಾನು ಆ ವರ್ಷ ಬಸ್ ಸ್ಟಾಪಿನವರೆಗೆ ಬರತೊಡಗಿತ್ತು. ಅವರು ಅಳೆಯುತ್ತಿರಲಿಲ್ಲ, ಮೂಸಿ ನೋಡಿ ತೆಗೆದುಕೊಳ್ಳುತ್ತಿದ್ದರು. ಮೊದಲ ವಾರ ಒಳ್ಳೆಯ ಬೆಲೆ, ಆಮೇಲೆ ಅವರು ಹೇಳಿದ್ದೇ ಬೆಲೆ. ಪಕ್ಕದ ಊರಿನ ಸೊಸೈಟಿ ಹಾಗೆಯೇ ಮುಚ್ಚಿತ್ತು. ನಮ್ಮಲ್ಲಿ ಮನೆಮನೆಗೆ ಹೋಗಿ, ವ್ಯಾನಿಗೆ ಹಾಲು ಹಾಕಬೇಡಿರೆಂದು ಹೆಂಗಸರ ಕೈಹಿಡಿದು ಹೇಳಿದವಳು ಈ ಅತ್ತೆಯೇ. ಈಗ ಆಕೆಗೆ ಉಳಿದದ್ದು ಆ ವ್ಯಾನೊಂದೇ.

ನಾಲ್ಕು ದಿನ ಬಿಟ್ಟು ಬಾವಿಯ ಬಳಿ ಸಿಕ್ಕಳು. ನಾನು ಬದಿಗೆ ಸರಿದೆ.

"ಯಾಕೆ ಕಣ್ಣೂ, ನನ್ ನೆಳ್ಳಲ್ಲೂ ನೀರೈತಾ?" ಎಂದಳು. ದನಿ ಏರಿಸಲಿಲ್ಲ. "ವ್ಯಾನಿನವ್ನು ದಿನಾ ಕೇಳ್ತಾನೆ, 'ಎನ್ನಕ್ಕಾ, ಇನ್ನಿಕ್ಕು ಎವ್ವಳವು ತಣ್ಣಿ?' ಇವತ್ತೆಷ್ಟು ನೀರಕ್ಕಾ ಅಂತ. ಅದ್ಕೆ ಅರ್ಧ ಬೆಲೆ. ಇಂಗೇ ಆದ್ರೆ ದೀಪಾವಳಿಗೆ ಮುಂಚೆ ಅಸು ಮಾರ್ಬೇಕು."

ನಾನು ಕೊಡವನ್ನು ಬಾವಿಗೆ ಇಳಿಸಿದೆ.

"ನಿಮ್ಮನೆ ಅಸು ಆಲ್ನೂ ಒಂದ್ ಸಲ ಕರೆದ ಕೈಯಲ್ಲೇ ಅಳೆದು ನೋಡು. ಅಷ್ಟೇ ನಾನ್ ಕೇಳೋದು."

ಆ ಸಂಜೆ ಅಮ್ಮ ಹಾಲು ಕರೆದು ಚೊಂಬು ಕೆಳಗಿಟ್ಟ ಕೂಡಲೇ ಲ್ಯಾಕ್ಟೋಮೀಟರ್ ಇಳಿಸಿದೆ. ಇಪ್ಪತ್ತೈದೂವರೆ. ಸ್ನಾನ ಮಾಡಿ ಬಂದು ಮತ್ತೆ ಇಳಿಸಿದೆ. ಇಪ್ಪತ್ತೇಳರ ಮೇಲೆ.

ಬಿಸಿ ಹಾಲು ಹಗುರ, ಉಪಕರಣ ಅದರಲ್ಲಿ ಹೆಚ್ಚು ಮುಳುಗುತ್ತದೆ. ಕಾಲೇಜಿನ ಮೊದಲ ವರ್ಷದ ಪಾಠ. ಕೆಚ್ಚಲ ಬಿಸಿ ಆರುವ ಮೊದಲೇ ಹಾಲು ಮನೆ ಬಿಡಬೇಕು ಎಂಬುದು ನಮ್ಮವರ ಹಳೆಯ ಮರ್ಯಾದೆ. ಮನೆಯಲ್ಲಿ ಕೂತ ಹಾಲಿಗೆ ಏನು ಬೇಕಾದರೂ ಸೇರಬಹುದು. ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ಆದರೆ ಸೊಸೈಟಿಗೆ ಹಾಲು ಹಾಕುವ ಉಳಿದವರ ಕೊಟ್ಟಿಗೆಗಳು ಕಾಲುವೆಯ ಆಚೆ, ತೋಟಗಳಲ್ಲಿ. ಸೈಕಲ್ಲಿನಲ್ಲಿ ಬರುವಷ್ಟರಲ್ಲಿ ಬೆಳಗಿನ ಗಾಳಿಗೆ ಹಾಲು ತಾನೇ ಆರುತ್ತಿತ್ತು. ಬಿಸಿ ಹಾಲು ತರುತ್ತಿದ್ದವಳು ಆಕೆಯೊಬ್ಬಳೇ. ಸಾಲು ಉದ್ದವಿದ್ದ ದಿನ ಅದೂ ನಿಂತಲ್ಲೇ ಆರುತ್ತಿತ್ತು, ಸಾಲಿನ ಮುಂದೆ ಜಾಗ ಸಿಕ್ಕ ದಿನ ಆಕೆ ಸಿಕ್ಕಿಬೀಳುತ್ತಿದ್ದಳು. ಮರ್ಯಾದೆಗಾಗಿ ಓಡಿ ಬೇರೆ ತರುತ್ತಿದ್ದಳು.

ಕತ್ತಲಾಗುವ ಮೊದಲು ದೊಡ್ಡಪ್ಪನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಅವ್ಳು ನೀರ್ ಆಕಿಲ್ಲ."

"ಇಲ್ಲ."

"ಇದನ್ನ ಬೇರೆ ಯಾರಿಗ್ ಹೇಳಿದ್ದೀ?"

"ಯಾರಿಗೂ ಇಲ್ಲ."

"ನಲ್ಲದು, ಒಳ್ಳೇದಾಯ್ತು. ಹೇಳ್ಬೇಡ." ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. "ಅಳತೆ ತಪ್ಪು ಅಂತ ಒಂದ್ ಸಲ ಬಾಯ್ಬಿಟ್ರೆ, ಇದುವರ್ಗೂ ಸಿಕ್ಕೋರೆಲ್ಲ ನಂದೂ ತಪ್ಪು ಅಂತ ಬತ್ತಾರೆ. ವ್ಯಾನಿನವ್ನು ಅದ್ಕೇ ಕಾಯ್ತವ್ನೆ. ಒಂದ್ ಮನೆ ಓದ್ರೆ ಸೊಸೈಟಿ ನಿಲ್ತದೆ ಅಮ್ಮಣಿ. ನಲವತ್ತು ಓದ್ರೆ?"

"ಅತ್ತೆ ಹಸು ಮಾರ್ತಾರಂತೆ ದೊಡ್ಡಪ್ಪ."

"ನಾನೇ ತಗೋತೀನಿ. ಒಳ್ಳೆ ಅಸು ಅದು, ನೀನೇ ಈಗ್ ಹೇಳಿದ್ಯಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಲೆಕ್ಕ ಪೂರ್ತಿ ಸುಳ್ಳೂ ಆಗಿರಲಿಲ್ಲ. ಬೇರೊಂದು ಮಾತನ್ನೂ ಬರೆಯಬೇಕು: ಬೇಡ ಎಂದು ಅವರು ಹೇಳಿದಾಗ ನನಗೆ ಸಮಾಧಾನವಾಯಿತು. ಎಂ.ಎಸ್‌ಸಿ. ಓದಿದವಳಿಗೆ ಇಷ್ಟೂ ತಿಳಿಯಲಿಲ್ಲ ಎಂದು ಆ ಸಾಲು ನಗುವುದನ್ನು ನಾನು ದಾರಿಯುದ್ದಕ್ಕೂ ಕೇಳಿಸಿಕೊಂಡೇ ಅಲ್ಲಿಗೆ ಹೋಗಿದ್ದೆ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಸೊಸೈಟಿಯ ಕಲ್ಲುತೊಟ್ಟಿಗೆ ತಣ್ಣೀರು ತುಂಬಿಸಿದೆ. ಬಂದ ಕ್ಯಾನುಗಳನ್ನೆಲ್ಲ ಅದರಲ್ಲಿ ಇಡಿಸಿದೆ. ಇದೇನು ಹೊಸದು ಎಂದು ಕೇಳಿದವರಿಗೆ ತೇನಿ ಆಫೀಸಿನ ಆರ್ಡರ್ ಎಂದೆ. ಅತ್ತೆ ವ್ಯಾನಿನ ಕಡೆಗೆ ಹೋಗುವವಳು ಕ್ಯಾನು ಹಿಡಿದುಕೊಂಡೇ ಬೇಲಿಯ ಆಚೆ ನಿಂತು, ತೊಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಅಳೆದು ನೋಡ್ದಾ ಕಣ್ಣೂ?" ಎಂದಳು.

"ಇಲ್ಲ ಅತ್ತೆ, ಆಗಲಿಲ್ಲ," ಎಂದೆ. ವಾಚು ನೋಡಿಕೊಂಡು ಕಾಲು ಗಂಟೆ ಕಾದು, ಸಾಲಿನ ಮೊದಲನೆಯವರನ್ನು ಕರೆದೆ.